ಹಾಸನದಲ್ಲಿ ಕ್ಯೂಬ್‌ಸ್ಯಾಟ್ ಮಾಡುತ್ತಿದ್ದೇವೆ: ಬ್ಯಾಟರಿ ನಾಲ್ಕು ಹಾಕೋಣವೇ, ಆರೇ?

ಹೇಮಾವತಿ_ದಂಡೆ, ಹಾಸನ (ಭಾನುವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಹಾಸನದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮೂರನೇ ವರ್ಷ. ಆರು ಜನ ಸೇರಿ ಒಂದು 1ಯು ಕ್ಯೂಬ್‌ಸ್ಯಾಟ್, ಅಂದರೆ ಪುಟ್ಟ ಉಪಗ್ರಹದ ಮಾದರಿ ಮಾಡುತ್ತಿದ್ದೇವೆ. ಉದ್ದ, ಅಗಲ, ಎತ್ತರ ಎಲ್ಲ 10 ಸೆಂಟಿಮೀಟರ್ ಇರುವ ಡಬ್ಬಿ. ಹಾರಿಸುವ ಮಾತು ಇನ್ನೂ ದೂರ. ಆದರೆ ನಾಳೆಯೇ ಹಾರುತ್ತದೆ ಅಂದುಕೊಂಡು ಮಾಡಿ ಎಂದು ನಮ್ಮ ಗೈಡ್ ಹೇಳಿದ್ದಾರೆ. ಪವರ್ ಭಾಗ ನನ್ನ ತಲೆಗೆ ಬಿದ್ದಿದೆ.

ಐದು ಮುಖಕ್ಕೆ ಸೋಲಾರ್ ಸೆಲ್, ಒಂದು ಮುಖ ಆಂಟೆನಾಗೆ. ಒಂದೊಂದು ಮುಖದಲ್ಲಿ ಎರಡು ಸೆಲ್, ಮುಖಕ್ಕೆ 2.3 ವ್ಯಾಟ್. ಐದು ಮುಖಕ್ಕೆ 11.5 ವ್ಯಾಟ್. ನಮ್ಮ ಖರ್ಚು ಸರಾಸರಿ 1.4 ವ್ಯಾಟ್ ಅಷ್ಟೇ. ಎಂಟು ಪಟ್ಟು ಜಾಸ್ತಿ ಬರುತ್ತಿದೆ! ಹಾಗಾಗಿ 18650 ಲಿಥಿಯಂ ಬ್ಯಾಟರಿ ನಾಲ್ಕು ಹಾಕೋಣವೇ, ಆರು ಹಾಕೋಣವೇ ಅನ್ನುವುದೊಂದೇ ಪ್ರಶ್ನೆ. ಕ್ಯಾಮೆರಾ ಟೀಮಿನವರು ಜಾಗ ಬಿಡಲ್ಲ ಎಂದು ಜಗಳ ತೆಗೆದಿದ್ದಾರೆ.

ಲೋಡ್‌ಶೆಡ್ಡಿಂಗ್, ಅರಸೀಕೆರೆ

ಐದು ಮುಖಕ್ಕೂ ಒಂದೇ ಸಲ ಬಿಸಿಲು ಬೀಳುತ್ತದಾ ತಮ್ಮಾ? ನಿಮ್ಮ ಕಡೆ ಎಷ್ಟು ಸೂರ್ಯ ಇದ್ದಾರೆ?

(ನನ್ನದು ಯುಪಿಎಸ್ ರಿಪೇರಿ ಅಂಗಡಿ. ಉಪಗ್ರಹ ಗೊತ್ತಿಲ್ಲ, ಬ್ಯಾಟರಿ ಗೊತ್ತು.)

ಶಿಲಾಬಾಲಿಕೆ, ಬೇಲೂರು/ಬೆಂಗಳೂರು

ಲೋಡ್‌ಶೆಡ್ಡಿಂಗ್ ಅವರು ತಮಾಷೆಯಲ್ಲೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ನನ್ನ ಕೆಲಸವೇ ಉಪಗ್ರಹದ ಪವರ್ ಬೋರ್ಡ್ ಮಾಡುವುದು, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಭೂಮಿಯ ಹತ್ತಿರ, ಗಾಳಿಯ ಪದರ ದಾಟಿದ ಮೇಲೆ, ಒಂದು ಚದರ ಮೀಟರಿಗೆ ಸುಮಾರು 1361 ವ್ಯಾಟ್ ಬಿಸಿಲು ಸಿಗುತ್ತದೆ. ನೀವು ಲೆಕ್ಕಕ್ಕೆ ಹಿಡಿದ ಟ್ರಿಪಲ್ ಜಂಕ್ಷನ್ ಸೆಲ್ ಒಂದಕ್ಕೆ ಸುಮಾರು 30 ಚದರ ಸೆಂಟಿಮೀಟರ್. ಬಿದ್ದ ಬಿಸಿಲಿನಲ್ಲಿ ನೂರಕ್ಕೆ 30ರ ಹತ್ತಿರ ಕರೆಂಟಾಗಿ ಬರುತ್ತದೆ. ಎರಡು ಸೆಲ್ ಸೂರ್ಯನಿಗೆ ನೇರ ಮುಖ ಕೊಟ್ಟರೆ 2.3 ವ್ಯಾಟ್. ಇಲ್ಲಿಯವರೆಗೆ ಸರಿ.

ಆದರೆ ಡಬ್ಬಿ ಉರುಳುತ್ತಿರುತ್ತದೆ. ಒಂದು ಸಲಕ್ಕೆ ಬಿಸಿಲು ಕಾಣುವುದು ಹೆಚ್ಚೆಂದರೆ ಮೂರು ಮುಖ, ಅದೂ ಓರೆಯಾಗಿ. ಹೇಗೆಂದರೆ ಹಾಗೆ ಉರುಳುವ ಘನದ ನೆರಳಿನ ಸರಾಸರಿ ತೆಗೆದರೆ ಅದರ ಒಟ್ಟು ಮೈಯ ಕಾಲು ಭಾಗ ಬರುತ್ತದೆ. ಐದು ಮುಖ ಇದ್ದರೆ ಒಂದೂಕಾಲು ಮುಖದಷ್ಟು. ಅಂದರೆ 2.9 ವ್ಯಾಟ್.

ಇನ್ನು ಕತ್ತಲೆ. 500 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ. ಅದರಲ್ಲಿ 36 ನಿಮಿಷದವರೆಗೂ ಭೂಮಿಯ ನೆರಳು. ಸರಾಸರಿ 1.8 ವ್ಯಾಟಿಗೆ ಇಳಿಯಿತು. ಕನ್ವರ್ಟರ್ ತಿನ್ನುವುದು, ಬ್ಯಾಟರಿಗೆ ಹೋಗಿ ಬರುವಾಗ ಸೋರುವುದು ಕಳೆದರೆ ಕೈಗೆ ಸಿಗುವುದು 1.5 ವ್ಯಾಟಿಗಿಂತ ಸ್ವಲ್ಪ ಹೆಚ್ಚು.

ಖರ್ಚು 1.4. ಎಂಟು ಪಟ್ಟು ಎಲ್ಲಿ, ಇದೆಲ್ಲಿ. ಶುರುವಿನ ಹಂತದಲ್ಲಿ ನೂರಕ್ಕೆ 20ಆದರೂ ಉಳಿತಾಯ ತೋರಿಸದ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ವಿಕಿರಣಕ್ಕೆ ಸೆಲ್ ಕ್ರಮೇಣ ಸೊರಗುತ್ತದೆ. ಖರ್ಚಿನ ಪಟ್ಟಿಯಂತೂ ಯಾವ ಪ್ರಾಜೆಕ್ಟಿನಲ್ಲೂ ಇಳಿದಿದ್ದು ನಾನು ನೋಡಿಲ್ಲ.

ನಿಮ್ಮ 1.4ರ ಒಳಗೆ ಏನೇನಿದೆ ಹೇಳಿ.

ಹೇಮಾವತಿ_ದಂಡೆ

ಮೇಡಂ, ತಲೆ ತಿರುಗಿತು. ಊಟದ ತಟ್ಟೆ ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಮಾಡಿದೆ, ನೀವು ಹೇಳಿದ್ದೇ ಬಂತು.

ಕಂಪ್ಯೂಟರ್ 0.3. ರೇಡಿಯೋ ಕೇಳುವ ಭಾಗ 0.2, ಇದು ಯಾವಾಗಲೂ ಆನ್. ಕಳಿಸುವ ಭಾಗ ಆನ್ ಇದ್ದಾಗ 3.5 ವ್ಯಾಟ್ ಎಳೆಯುತ್ತದೆ, ಹತ್ತರಲ್ಲಿ ಒಂದು ಪಾಲು ಹೊತ್ತು ಮಾತ್ರ, ಹಾಗಾಗಿ 0.35. ಕ್ಯಾಮೆರಾ ಸುತ್ತಿಗೆ ಹತ್ತು ನಿಮಿಷ, 0.16. ದಿಕ್ಕು ಸರಿಮಾಡುವ ಕಾಯಿಲ್ ಮತ್ತು ಸೆನ್ಸರ್ 0.3. ಪವರ್ ಬೋರ್ಡಿನ ಸ್ವಂತ ಖರ್ಚು 0.1.

ಶಿಲಾಬಾಲಿಕೆ

ಪವರ್ ಬೋರ್ಡಿನ ಸ್ವಂತ ಖರ್ಚು ಬರೆದಿದ್ದೀರಲ್ಲ, ಸಂತೋಷ. ಹೆಚ್ಚಿನವರು ಅದನ್ನೇ ಮರೆಯುತ್ತಾರೆ. ಕ್ಯಾಮೆರಾ ಎರಡು ಸುತ್ತಿಗೊಮ್ಮೆ ಮಾಡಿ. ಕಾಯಿಲ್ ಉರುಳಾಟ ನಿಂತ ಮೇಲೆ ಸದಾ ಬೇಕಿಲ್ಲ. ಜಗಳ ಆಡುವ ಕ್ಯಾಮೆರಾ ಟೀಮಿಗೆ ಈ ಪಟ್ಟಿ ತೋರಿಸಿ.

ಲೋಡ್‌ಶೆಡ್ಡಿಂಗ್

ನಮ್ಮ ಪಂಪ್‌ಸೆಟ್ ಕಥೆನೇ ಇದು. ತ್ರೀ ಫೇಸ್ ಬಂದ ಹೊತ್ತಿಗೆ ಎದ್ದು ಮೋಟಾರ್ ಹಾಕಬೇಕು, ನಮಗೆ ಬೇಕಾದಾಗ ಅಲ್ಲ.

ಬ್ಯಾಟರಿ ವಿಷಯ. ಬರುವುದೇ ಒಂದೂವರೆ ವ್ಯಾಟ್ ಆದಾಗ ಆರು ಸೆಲ್ ಹಾಕಿ ಏನು ಮಾಡುತ್ತೀರಿ? ತೊಟ್ಟಿ ದೊಡ್ಡದು ಕಟ್ಟಿದರೆ ಬಾವಿಯಲ್ಲಿ ನೀರು ಜಾಸ್ತಿ ಆಗುತ್ತದಾ? 36 ನಿಮಿಷದ ಕತ್ತಲೆಗೆ 1.4 ವ್ಯಾಟ್ ಅಂದರೆ 0.84 ವ್ಯಾಟ್-ಅವರ್. 2600 ಮಿಲಿಆಂಪ್-ಅವರಿನ ಎರಡು ಸೆಲ್‌ನಲ್ಲಿ 18.7 ವ್ಯಾಟ್-ಅವರ್ ಇರುತ್ತದೆ. ನೂರಕ್ಕೆ 5 ಕೂಡ ಖರ್ಚಾಗಲಿಲ್ಲ. ಎರಡೇ ಸಾಕು.

ಸಾಲಗಾಮೆ_ರಸ್ತೆ, ಹಾಸನ

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಸಿಎಫ್‌ನಲ್ಲಿ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಕೆಲಸ ಮಾಡಿದವನಲ್ಲ. ಮನೆ ಆ ರಸ್ತೆಯಲ್ಲಿ, ದಿನಾ ಆ ದೊಡ್ಡ ದೊಡ್ಡ ಡಿಶ್ ನೋಡಿಕೊಂಡು ವಾಕಿಂಗ್ ಹೋಗುತ್ತೇನೆ. ಮೂವತ್ತು ವರ್ಷ ನೋಡಿದ ಮೇಲೆ ಸ್ವಲ್ಪ ಓದಿಕೊಳ್ಳದೆ ಇರಲಾಗಲಿಲ್ಲ.

ಇಲ್ಲಿಂದ ನೋಡಿಕೊಳ್ಳುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು 36,000 ಕಿಲೋಮೀಟರ್ ಮೇಲಿರುವವು. ಅವಕ್ಕೆ ಕತ್ತಲೆ ಅಂದರೆ ವರ್ಷಕ್ಕೆ ಎರಡು ಸೀಸನ್, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸು. ಒಟ್ಟು ಸುಮಾರು 90 ರಾತ್ರಿ, ಹೆಚ್ಚೆಂದರೆ 72 ನಿಮಿಷ. ಈ ಹುಡುಗರ ಡಬ್ಬಿಗೆ ದಿನಕ್ಕೆ 15 ಸಲ ಕತ್ತಲೆ. ವರ್ಷಕ್ಕೆ 5500! ಬ್ಯಾಟರಿ ಅಷ್ಟು ಸಲ ಇಳಿದು ಏರಬೇಕು. ಹಾಗಾಗಿ ಸ್ವಲ್ಪ ಸ್ವಲ್ಪವೇ ಖರ್ಚು ಮಾಡುವುದು ದಂಡ ಅಲ್ಲ ಲೋಡ್‌ಶೆಡ್ಡಿಂಗ್ ಅವರೇ, ಆಯಸ್ಸಿಗೆ ಒಳ್ಳೆಯದು.

ಇನ್ನೊಂದು. ಪವರ್ ಅಂದರೆ ಚಿಕ್ಕ ವಿಷಯ ಅಂದುಕೊಳ್ಳಬೇಡಿ. ಪೀಣ್ಯದ ಶೆಡ್ಡಿನಲ್ಲಿ ಮಾಡಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ನಾಲ್ಕೈದು ದಿನದಲ್ಲೇ ವಿದ್ಯುತ್ ತೊಂದರೆಯಿಂದ ಅದರ ವಿಜ್ಞಾನ ಪ್ರಯೋಗಗಳು ನಿಂತವು. 1997ರ ಜೂನ್‌ನಲ್ಲಿ ಹೋದ ಇನ್ಸಾಟ್-2ಡಿ ಅದೇ ಅಕ್ಟೋಬರ್‌ನಲ್ಲಿ ಪವರ್ ಬಸ್ (ಕರೆಂಟ್ ಹಂಚುವ ಮುಖ್ಯ ಲೈನ್) ಕೆಟ್ಟು ಕೈಕೊಟ್ಟಿತು.

ಹೇಮಾವತಿ_ದಂಡೆ

ಸರಿ, ಎರಡೇ ಸೆಲ್, ಪ್ಯಾರಲಲ್. ಒಂದು ಅನುಮಾನ. ಎರಡು ಸೋಲಾರ್ ಸೆಲ್ ಸೀರೀಸ್‌ನಲ್ಲಿ 4.8 ವೋಲ್ಟ್ ಬರುತ್ತದೆ, ಬ್ಯಾಟರಿ ಪೂರ್ತಿ ತುಂಬಿದಾಗ 4.2. ನಡುವೆ ಒಂದು ಡಯೋಡ್ ಹಾಕಿ ನೇರ ಕೊಟ್ಟರೆ ಆಗಲ್ವಾ? ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಪವರ್ ತೆಗೆಯುವ ಎಂಪಿಪಿಟಿ ಚಿಪ್ ಯಾಕೆ ಬೇಕು?

ಶಿಲಾಬಾಲಿಕೆ

ನೇರ ಕೊಟ್ಟು ಹಾರಿಸಿದವರು ಬೇಕಾದಷ್ಟು ಜನ ಇದ್ದಾರೆ, ತಪ್ಪಲ್ಲ. ಆದರೆ 4.8 ಅನ್ನುವುದು 28 ಡಿಗ್ರಿಯ ಮಾತು. ಒಂದೊಂದು ಡಿಗ್ರಿ ಏರಿದಾಗಲೂ ಒಂದು ಸೆಲ್ ಆರೇಳು ಮಿಲಿವೋಲ್ಟ್ ಕಳೆದುಕೊಳ್ಳುತ್ತದೆ. ಬಿಸಿಲಿಗೆ ಪ್ಯಾನೆಲ್ 68 ಡಿಗ್ರಿಗೆ ಕಾದರೆ ಎರಡು ಸೆಲ್ ಸೇರಿ 4.3 ವೋಲ್ಟ್‌ಗೆ ಬಂದು ಕೂರುತ್ತದೆ. ಡಯೋಡ್‌ಗೆ 0.3 ಕೊಟ್ಟ ಮೇಲೆ 4.0. ಬ್ಯಾಟರಿ ತುಂಬುವುದೇ ಇಲ್ಲ. ಅದೇ ಪ್ಯಾನೆಲ್ ನೆರಳಿನಿಂದ ತಣ್ಣಗೆ ಹೊರಬಂದ ಮೊದಲ ನಿಮಿಷಗಳಲ್ಲಿ ವೋಲ್ಟೇಜ್ ಜಾಸ್ತಿ ಇರುತ್ತದೆ, ಅದನ್ನು ನೇರ ಜೋಡಣೆ ದಂಡ ಮಾಡುತ್ತದೆ. ಎಂಪಿಪಿಟಿ ಎರಡೂ ಕಡೆ ಹೊಂದಿಸಿಕೊಳ್ಳುತ್ತದೆ.

ಜಾಗ ಉಳಿಸಲು ಒಂದು ಉಪಾಯ. ಎದುರುಬದುರು ಮುಖಗಳಿಗೆ ಒಂದೇ ಸಲ ಬಿಸಿಲು ಬೀಳುವುದಿಲ್ಲ. ಆ ಜೋಡಿಗೆ ಒಂದೇ ಎಂಪಿಪಿಟಿ ಸಾಕು, ಒಂದೊಂದಕ್ಕೂ ಡಯೋಡ್ ಇರಲಿ. ಐದಕ್ಕೆ ಮೂರರಲ್ಲಿ ಮುಗಿಯಿತು.

ಬ್ಯಾಟರಿಯನ್ನು 4.2ರ ಬದಲು 4.1ಕ್ಕೆ ನಿಲ್ಲಿಸಿ, ಬಾಳಿಕೆ ಜಾಸ್ತಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬೇಡಿ. ಲಿಥಿಯಂ ಒಳಗೆ ಸೇರದೆ ಲೋಹವಾಗಿ ಮೇಲೇ ಅಂಟಿಕೊಳ್ಳುತ್ತದೆ, ಮುಂದೆ ಶಾರ್ಟ್ ಆಗಬಹುದು. ಚಿಕ್ಕ ಹೀಟರ್ ಬೇಕು, ಅದೂ ಖರ್ಚಿನ ಪಟ್ಟಿಗೆ. ಮೊಬೈಲಿನ ಚಪ್ಪಟೆ ಬ್ಯಾಟರಿ ಹಾಕುವ ಆಸೆ ಬೇಡ, ನಿರ್ವಾತದಲ್ಲಿ ಪೂರಿಯ ಹಾಗೆ ಉಬ್ಬುತ್ತದೆ.

ಲೋಡ್‌ಶೆಡ್ಡಿಂಗ್

ಫ್ಯೂಸ್ ಯಾವುದು ಹಾಕುತ್ತಾರೆ?

ಶಿಲಾಬಾಲಿಕೆ

ಒಂದು ಸಲ ಸುಟ್ಟುಹೋಗುವ ಫ್ಯೂಸ್ ಹಾಕಿದರೆ ಬದಲಾಯಿಸಲು ಯಾವ ಲೈನ್‌ಮನ್ ಹೋಗುತ್ತಾನೆ ಹೇಳಿ. ಅಲ್ಲಿ ವಿಕಿರಣದ ಒಂದು ಕಣ ಚಿಪ್‌ಗೆ ಬಡಿದು ಒಳಗೇ ಶಾರ್ಟ್ ಆದ ಹಾಗೆ ಮಾಡಬಲ್ಲದು. ಲ್ಯಾಚ್‌ಅಪ್ ಅನ್ನುತ್ತೇವೆ. ತಕ್ಷಣ ಕರೆಂಟ್ ತೆಗೆದು ಮತ್ತೆ ಕೊಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ. ಅದಕ್ಕೆ ಮಿತಿ ಮೀರಿದರೆ ಕ್ಷಣದಲ್ಲಿ ಕಟ್ ಮಾಡಿ, ಸ್ವಲ್ಪ ತಡೆದು ತಾನೇ ಮತ್ತೆ ಹಾಕುವ ಸ್ವಿಚ್ ಬೇಕು. ಒಂದೊಂದು ಲೋಡ್‌ಗೂ ಒಂದೊಂದು.

ಏಲಕ್ಕಿ_ತೋಟ, ಸಕಲೇಶಪುರ (ಮಂಗಳವಾರ)

ನನಗೆ ಇದರಲ್ಲಿ ಅರ್ಧವೂ ಅರ್ಥವಾಗಲಿಲ್ಲ, ಆದರೂ ಓದಲು ಚೆನ್ನಾಗಿದೆ. ಒಂದು ನಮ್ಮ ಮನೆ ಅನುಭವ ಹೇಳುತ್ತೇನೆ, ಸಂಬಂಧ ಇಲ್ಲದಿದ್ದರೆ ಬಿಟ್ಟುಬಿಡಿ.

ಹೋದ ಮಳೆಗಾಲ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಯುಪಿಎಸ್ ಬ್ಯಾಟರಿ ಪೂರ್ತಿ ಕುಂತಿತು. ಐದನೇ ದಿನ ಕರೆಂಟ್ ಬಂತು. ಬಲ್ಬ್ ಉರಿಯಿತು, ಫ್ರಿಜ್ ಓಡಿತು. ಯುಪಿಎಸ್ ಮಾತ್ರ ಸುಮ್ನೆ ಕೂತಿತ್ತು. ಎರಡು ದಿನ ಕಾದರೂ ಚಾರ್ಜ್ ಆಗಲಿಲ್ಲ. ರಿಪೇರಿ ಹುಡುಗ ಬಂದು, ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇದ್ದರೆ ಮಾತ್ರ ಇದು ಎದ್ದು ಚಾರ್ಜ್ ಮಾಡುತ್ತದೆ ಅಂದ. ಚಾರ್ಜ್ ಬೇಕಾಗಿರುವುದೇ ಜೀವ ಇಲ್ಲದ ಬ್ಯಾಟರಿಗೆ ಅಲ್ವಾ ಮಾರಾಯ ಅಂದೆ. ಬೇರೆ ಬ್ಯಾಟರಿ ತಂದು ಪಕ್ಕಕ್ಕೆ ಜೋಡಿಸಿ ಎಬ್ಬಿಸಿದ.

ನಿಮ್ಮ ಉಪಗ್ರಹದ ಬ್ಯಾಟರಿ ಕುಂತರೆ ಯಾರು ಜೀಪಿನಲ್ಲಿ ಬ್ಯಾಟರಿ ಒಯ್ಯುತ್ತಾರೆ?

ಶಿಲಾಬಾಲಿಕೆ

ಏಲಕ್ಕಿ ತೋಟದವರೇ, ಎರಡು ದಿನದಿಂದ ನಾವೆಲ್ಲ ಬರೆದಿದ್ದು ಒಂದು ಕಡೆ, ನೀವು ಕೇಳಿದ್ದು ಒಂದು ಕಡೆ.

ಹೇಮಾವತಿ, ನಿಜ ಹೇಳಿ. ನಿಮ್ಮ ಎಂಪಿಪಿಟಿ ಚಿಪ್ ತನ್ನ ಸ್ವಂತ ಕೆಲಸಕ್ಕೆ ಕರೆಂಟ್ ಎಲ್ಲಿಂದ ತೆಗೆದುಕೊಳ್ಳುತ್ತದೆ?

ಹೇಮಾವತಿ_ದಂಡೆ

3.3 ವೋಲ್ಟ್ ಲೈನಿನಿಂದ ಮೇಡಂ. ಅದು ಬರುವುದು

ಅಯ್ಯೋ.

ಅದು ಬರುವುದು ಬ್ಯಾಟರಿಯಿಂದ.

ಶಿಲಾಬಾಲಿಕೆ

ಬೇಜಾರಾಗಬೇಡಿ, ನನ್ನ ಮೊದಲ ಬೋರ್ಡೂ ಹೀಗೇ ಇತ್ತು. ಬ್ಯಾಟರಿ ಇಳಿಯಿತು, ರಕ್ಷಣೆಯ ಚಿಪ್ ಅದನ್ನು ಕಟ್ ಮಾಡಿತು, 3.3 ಹೋಯಿತು, ಎಂಪಿಪಿಟಿ ಸತ್ತಿತು. ಹೊರಗೆ ಧಗಧಗ ಬಿಸಿಲು, ಒಳಗೆ ತೆಗೆದುಕೊಳ್ಳುವವರೇ ಇಲ್ಲ. ಇದು ನಡೆಯುವುದೇ ಇಲ್ಲ ಅನ್ನಬೇಡಿ. ಕಳಿಸುವ ರೇಡಿಯೋ ಆನ್ ಆಗಿ ಸಿಕ್ಕಿಕೊಂಡಿತು ಅಂದುಕೊಳ್ಳಿ. ಖರ್ಚು 4.5 ವ್ಯಾಟ್ ದಾಟುತ್ತದೆ, ಬರುವುದು 1.5. ಆರು ಗಂಟೆಯಲ್ಲಿ ಎರಡು ಸೆಲ್ ಖಾಲಿ. ಹಾಸನದ ಮೇಲೆ ಅದು ಹಾಯುವುದು ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಸುಮಾರು ಹತ್ತು ನಿಮಿಷ. ನಿಮಗೆ ಗೊತ್ತಾಗುವ ಮೊದಲೇ ಮುಗಿದಿರಬಹುದು. ನಾಲ್ಕು ಸೆಲ್ ಇದ್ದರೆ ಹನ್ನೆರಡು ಗಂಟೆ, ಅಷ್ಟೇ ವ್ಯತ್ಯಾಸ.

ಬ್ಯಾಟರಿ ಇಲ್ಲವೇ ಇಲ್ಲ ಅಂದುಕೊಂಡು ಪ್ಯಾನೆಲ್‌ನಿಂದ ಶುರು ಮಾಡಿ. ಪ್ಯಾನೆಲ್‌ನಿಂದ ಡಯೋಡ್ ಮೂಲಕ ಒಂದು ಚಿಕ್ಕ ರೆಗ್ಯುಲೇಟರ್, ಅದು ಎಂಪಿಪಿಟಿ ಚಿಪ್ಪನ್ನು ಮಾತ್ರ ಎಬ್ಬಿಸಲಿ. ಬ್ಯಾಟರಿ 3 ವೋಲ್ಟ್ ದಾಟುವವರೆಗೆ ಹನಿ ಹನಿಯಾಗಿ ಚಾರ್ಜ್, ಆಮೇಲೆ ಪೂರ್ತಿ.

ಹ್ಯಾಮ್_ತಾತ, ಚಿಕ್ಕಮಗಳೂರು

ಈ ಮಾತಿಗೆ ನನ್ನ ಹತ್ತಿರ ಎರಡು ಕಥೆ ಇದೆ ಮಗು.

1974ರ ನವೆಂಬರ್‌ನಲ್ಲಿ ನಮ್ಮ ಹ್ಯಾಮ್‌ಗಳ (ಹವ್ಯಾಸಿ ರೇಡಿಯೋದವರ) ಉಪಗ್ರಹ ಎಒ-7 ಹಾರಿತು. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಸತ್ತಿತು. ಎಲ್ಲರೂ ಎಳ್ಳುನೀರು ಬಿಟ್ಟರು. 2002ರಲ್ಲಿ ಬೀಕನ್, ಅಂದರೆ ಅದು ತಾನಾಗಿ ಕಳಿಸುವ ಗುರುತಿನ ಸಿಗ್ನಲ್, ಮತ್ತೆ ಕೇಳಿಸಿತು! 21 ವರ್ಷದ ಮೇಲೆ. ಶಾರ್ಟ್ ಆಗಿದ್ದ ಬ್ಯಾಟರಿ ಒಳಗೇ ತುಂಡಾಗಿ ಓಪನ್ ಆಗಿತ್ತು. ಪ್ಯಾನೆಲ್‌ನ ಕರೆಂಟ್ ನುಂಗುವವರು ಹೋದರು, ಬಿಸಿಲಿದ್ದಾಗ ಎದ್ದು ಮಾತಾಡಲು ಶುರುಮಾಡಿತು. ಕತ್ತಲೆಗೆ ಹೋದರೆ ನಿದ್ದೆ, ಬಿಸಿಲಿಗೆ ಬಂದರೆ ಎಚ್ಚರ.

ಎರಡನೆಯದು ನಮ್ಮದೇ ಹ್ಯಾಮ್‌ಸ್ಯಾಟ್, ವಿಒ-52. 2005ರ ಮೇ 5ರಂದು ಪಿಎಸ್‌ಎಲ್‌ವಿಯಲ್ಲಿ ಹೋಯಿತು. ಒಂಬತ್ತು ವರ್ಷ ದುಡಿಯಿತು. ನಾನು ಮನೆ ಅಂಗಳದಲ್ಲಿ ಕೈಯಲ್ಲಿ ಯಾಗಿ ಆಂಟೆನಾ ಹಿಡಿದುಕೊಂಡು ಎಷ್ಟು ಮಾತಾಡಿದ್ದೇನೋ ಲೆಕ್ಕ ಇಲ್ಲ. ಪಕ್ಕದ ಮನೆಯವರು ಕಾಗೆ ಓಡಿಸುತ್ತಿದ್ದೇನೆ ಅಂದುಕೊಂಡಿದ್ದರು. 2014ರ ಜುಲೈನಲ್ಲಿ ಲಿಥಿಯಂ ಬ್ಯಾಟರಿ ಕೈಕೊಟ್ಟು ನಿಂತಿತು.

ಒಂದಕ್ಕೆ ಬ್ಯಾಟರಿ ಹೋದ ಮೇಲೂ ದಾರಿ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಗೊರೂರು_ಗಾಳ

ಅಲ್ಲ, ಇದು ಟೇಬಲ್ ಮೇಲಿಡುವ ಕಾಲೇಜ್ ಪ್ರಾಜೆಕ್ಟ್ ತಾನೇ? ಯುಎಸ್‌ಬಿಯಲ್ಲಿ ಚಾರ್ಜ್ ಮಾಡಿ ಡೆಮೊ ಕೊಟ್ಟು ಮಾರ್ಕ್ಸ್ ತೆಗೆದುಕೊಂಡರೆ ಆಗಲ್ವಾ?

ಸಾಲಗಾಮೆ_ರಸ್ತೆ

ಆಗುತ್ತದೆ. ಮಾರ್ಕ್ಸ್ ಬರುತ್ತದೆ. ಆದರೆ 2010ರಲ್ಲಿ ಹಾರಿದ ಸ್ಟಡ್‌ಸ್ಯಾಟ್ ಕೂಡ ಕರ್ನಾಟಕ, ಆಂಧ್ರದ ಏಳು ಕಾಲೇಜಿನ ಹುಡುಗರದ್ದೇ, ತೂಕ ಒಂದು ಕಿಲೋ ಇರಲಿಲ್ಲ. ಈಗಂತೂ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನೇ ಪೋಯೆಮ್ ಅಂತ ಕಕ್ಷೆಯಲ್ಲಿ ಉಳಿಸಿಕೊಂಡು ಅದರ ಮೇಲೆ ಪ್ರಯೋಗಕ್ಕೆ ಜಾಗ ಕೊಡುತ್ತಾರೆ. ಅವಕಾಶ ಬಂದಾಗ ಯುಎಸ್‌ಬಿ ವೈರ್ ಜೊತೆಗೆ ಕಳಿಸಲು ಆಗಲ್ಲ.

ಹೇಮಾವತಿ_ದಂಡೆ (ಮುಂದಿನ ಗುರುವಾರ)

ಹೊಸ ಬೋರ್ಡ್ ಬಂತು, ಟೆಸ್ಟ್ ಮಾಡಿದೆವು. ನಿಜವಾದ ಸೋಲಾರ್ ಸೆಲ್ ಕೊಳ್ಳಲು ದುಡ್ಡಿಲ್ಲ, ಸಿಲಿಕಾನ್ ಸೆಲ್ ಹಾಕಿದ್ದೇವೆ. ಟೆರೇಸ್ ಮೇಲೆ ಮಾಡೋಣ ಅಂದರೆ ಮೂರು ದಿನ ಮೋಡ. ಕೊನೆಗೆ ಲ್ಯಾಬಿನಲ್ಲಿ ಹ್ಯಾಲೊಜನ್ ದೀಪ, ಡಬ್ಬಿಯನ್ನು ದಾರಕ್ಕೆ ಕಟ್ಟಿ ನೇತುಹಾಕಿ ತಿರುಗಿಸಿದೆವು. ಹಳೆ ಲ್ಯಾಪ್‌ಟಾಪಿನಿಂದ ತೆಗೆದ ಎರಡು ಸೆಲ್ ಪೂರ್ತಿ ಖಾಲಿ ಮಾಡಿ ಹಾಕಿದ್ದೆವು. 59 ನಿಮಿಷ ದೀಪ, 36 ನಿಮಿಷ ಕತ್ತಲೆ.

ಎಂಪಿಪಿಟಿ ಎದ್ದಿತು! ಕುಣಿದುಬಿಟ್ಟೆವು. ಸ್ವಲ್ಪ ಹೊತ್ತಿಗೆ ಕಂಪ್ಯೂಟರೂ ಎದ್ದಿತು. ಎದ್ದ ಕೂಡಲೇ ಸತ್ತಿತು. ಮತ್ತೆ ಎದ್ದಿತು, ಮತ್ತೆ ಸತ್ತಿತು. ಮೂರು ಸುತ್ತು ಬರೀ ಇದೇ, ವೋಲ್ಟೇಜ್ 3.2 ದಾಟಲೇ ಇಲ್ಲ. ಲಾಗ್ ನೋಡಿದರೆ ಎದ್ದಾಗಲೆಲ್ಲ, ಮಡಚಿಟ್ಟ ಆಂಟೆನಾ ಬಿಚ್ಚಲು ಅದನ್ನು ಕಟ್ಟಿದ ದಾರ ಸುಡಲು ಹೋಗಿದೆ. ಅದು ಒಂದೂವರೆ ಆಂಪಿಯರ್ ಎಳೆಯುತ್ತದೆ. ಇದ್ದ ಚೂರುಪಾರು ಅಲ್ಲೇ ಮುಗಿಯುತ್ತಿತ್ತು. ಆಂಟೆನಾ ಹೋದ ವಾರವೇ ಬಿಚ್ಚಿದೆ!

ಲೋಡ್‌ಶೆಡ್ಡಿಂಗ್

ಫ್ರಿಜ್ ಸ್ಟೆಬಿಲೈಜರ್ ನೋಡಿದ್ದೀರಾ? ಕರೆಂಟ್ ಬಂದ ತಕ್ಷಣ ಕೊಡಲ್ಲ. ಮೂರು ನಿಮಿಷ ಕಾದು, ಸರಿ ಇದೆ ಅಂತ ಗೊತ್ತಾದ ಮೇಲೆ ಕಂಪ್ರೆಸರ್‌ಗೆ ಬಿಡುತ್ತದೆ. ಜ್ವರ ಬಿಟ್ಟ ದಿನವೇ ಯಾರಾದರೂ ಗದ್ದೆಗೆ ಇಳಿಯುತ್ತಾರಾ?

ಶಿಲಾಬಾಲಿಕೆ

ಅದೇ. ಕಟ್ ಆಗುವ ಮಟ್ಟ, ಮತ್ತೆ ಹಾಕುವ ಮಟ್ಟ ಒಂದೇ ಇರಬಾರದು. 3.2ಕ್ಕೆ ಲೋಡ್ ಕಟ್ ಆಗಲಿ, 3.7 ಆಗುವವರೆಗೆ ಮತ್ತೆ ಕೊಡಬೇಡಿ. ಅದನ್ನು ಸಾಫ್ಟ್‌ವೇರಿಗೆ ಬಿಡಬೇಡಿ, ವೋಲ್ಟೇಜ್ ಹೋಲಿಸಿ ನೋಡುವ ಕಂಪೇರೇಟರ್ ಚಿಪ್‌ನಲ್ಲೇ ಮಾಡಿ. ಸಾಫ್ಟ್‌ವೇರ್ ಓಡಬೇಕಾದರೆ ಕರೆಂಟ್ ಇರಬೇಕು, ಮತ್ತೆ ಏಲಕ್ಕಿ ತೋಟದ ಯುಪಿಎಸ್ ಆಗುತ್ತದೆ.

ಎದ್ದ ಮೇಲೆ ಮೊದಲು ಕೇಳುವ ರೇಡಿಯೋ ಮತ್ತು ಕಂಪ್ಯೂಟರ್ ಮಾತ್ರ. ಬ್ಯಾಟರಿ ಇನ್ನೂ ಏರಿದ ಮೇಲೆ ಬೀಕನ್. ಕ್ಯಾಮೆರಾ ಕೊನೆಗೆ. ಆಂಟೆನಾ ಬಿಚ್ಚಿದೆ ಅನ್ನುವುದನ್ನು ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿ ಬರೆಯಿರಿ. ಆದರೆ ಆ ಮೆಮೊರಿಯನ್ನೂ ಪೂರ್ತಿ ನಂಬಬೇಡಿ. ಬ್ಯಾಟರಿ ತುಂಬಿದ್ದಾಗ ಎರಡು ದಿನಕ್ಕೊಮ್ಮೆ ಸುಟ್ಟು ನೋಡಲಿ, ನಷ್ಟ ಇಲ್ಲ. ಬಿಡುಗಡೆಯಾದ ಮೊದಲ 30 ನಿಮಿಷ ಮಾತ್ರ ಏನೂ ಬಿಚ್ಚುವಂತಿಲ್ಲ, 45 ನಿಮಿಷ ರೇಡಿಯೋ ಕಳಿಸುವಂತಿಲ್ಲ. ಕ್ಯೂಬ್‌ಸ್ಯಾಟ್ ನಿಯಮ, ಅದನ್ನೂ ಸೇರಿಸಿಕೊಳ್ಳಿ.

ಹೇಮಾವತಿ_ದಂಡೆ (ಭಾನುವಾರ ಸಂಜೆ)

ಬೆಳಿಗ್ಗೆ 9ಕ್ಕೆ ಖಾಲಿ ಸೆಲ್ ಹಾಕಿ ಶುರು ಮಾಡಿದೆವು. ಯಾರೂ ಬೋರ್ಡ್ ಮುಟ್ಟಬಾರದು ಅಂತ ಕೈಕಟ್ಟಿ ಕೂತೆವು. ನಾಲ್ಕು ಸುತ್ತು ಏನೂ ಇಲ್ಲ. ವೋಲ್ಟೇಜ್ ಮಾತ್ರ ಇರುವೆ ಹಾಗೆ ಏರುತ್ತಿತ್ತು. ಕತ್ತಲೆಯಲ್ಲಿ ಇಳಿಯಲಿಲ್ಲ, ಎಳೆಯುವವರೇ ಇರಲಿಲ್ಲವಲ್ಲ. ಐದನೇ ಸುತ್ತಿನ ಬಿಸಿಲಲ್ಲಿ, 4:10ಕ್ಕೆ, ಕಂಪ್ಯೂಟರ್ ಎದ್ದಿತು. ಈ ಸಲ ಸಾಯಲಿಲ್ಲ. ಕ್ಯಾಮೆರಾ ಟೀಮಿನವರು ನಮ್ಮದು ಯಾವಾಗ ಅಂತ ಕೇಳಿದರು. ನಾಳೆ ಅಂದೆ.

ಏಲಕ್ಕಿ ತೋಟದವರಿಗೆ ನಮ್ಮ ರಿಪೋರ್ಟಿನಲ್ಲಿ ಥ್ಯಾಂಕ್ಸ್ ಹಾಕುತ್ತೇವೆ.

ಏಲಕ್ಕಿ_ತೋಟ

ನನ್ನದು ಬೇಡ, ಯುಪಿಎಸ್ ಹೆಸರು ಹಾಕಿ.

ಲೋಡ್‌ಶೆಡ್ಡಿಂಗ್

ಶಭಾಷ್ ತಮ್ಮಾ. ಈಗ ಒಂದು ಗಂಭೀರ ಮಾತು. ಪೂರ್ತಿ ಖಾಲಿ ಮಾಡಿ ಮತ್ತೆ ಚಾರ್ಜ್ ಮಾಡಿದ ಆ ಎರಡು ಹಳೆ ಸೆಲ್ ಇದ್ದಾವಲ್ಲ, ಅವನ್ನು ಮತ್ತೆ ಯಾವುದಕ್ಕೂ ಬಳಸಬೇಡಿ. ಅಷ್ಟು ಕೆಳಗೆ ಇಳಿದ ಲಿಥಿಯಂ ಸೆಲ್ ಒಳಗೆ ಕೆಟ್ಟಿರುತ್ತದೆ, ಯಾವಾಗ ಬಿಸಿಯಾಗುತ್ತದೋ ಹೇಳಲು ಬರಲ್ಲ. ತುದಿಗೆ ಟೇಪ್ ಸುತ್ತಿ ಬೇರೆ ಇಡಿ.

ಹೇಮಾವತಿ_ದಂಡೆ

ಅಣ್ಣ, ಒಂದು ಇದೆ. ಇನ್ನೊಂದನ್ನು ಹಾಸ್ಟೆಲ್ ಹುಡುಗ ಟಾರ್ಚ್‌ಗೆ ಹಾಕಿಕೊಂಡು ಹೋದ.

ಲೋಡ್‌ಶೆಡ್ಡಿಂಗ್

ಈಗಲೇ ಎದ್ದು ಹೋಗಿ ತೆಗೆಸಿ. ಹೋಗಿ ಬಂದ ಮೇಲೆ ಇಲ್ಲಿ ಬರೆಯಿರಿ, ನಾನು ಮಲಗಲ್ಲ.

ಹೇಮಾವತಿ_ದಂಡೆ

ತೆಗೆಸಿದೆ. ಟಾರ್ಚ್ ತಗೊಂಡು ಹೋಗಿದ್ದೇ ಕರೆಂಟ್ ಹೋಗಿತ್ತು ಅಂತ. ಈಗಲೂ ಇಲ್ಲ.